ಸಕ್ಕರೆಯ ಇದ್ದಲು

ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಂ ಧಾತುವಿನಿಂದ ವಿದ್ಯುತ್ಕೋಶಗಳನ್ನು ರಚಿಸಬಹುದೆಂಬುದನ್ನು ವಾಚಕರು ಕೇಳಿರಬಹುದು. ಲಿಥಿಯಂ ಎಲ್ಲೆಡೆ ದೊರೆಯುವಂಥದಲ್ಲ; ಸೋಡಿಯಮ್ಮಾದರೋ ಸಮುದ್ರದ ತುಂಬ ಇರುವುದು. ಹೀಗಿದ್ದೂ ಈ ಕಾರ್ಯವು ಬಹುಕಾಲ ಕುಂಟುತ್ತಿದ್ದುದಕ್ಕೆ, ಕೋಶವನ್ನು ತುಂಬುವಾಗ ಸೋಡಿಯಂ ಹೋಗಿ ತಂಗಬೇಕಾದ ಋಣಧ್ರುವವೇ ಮುಖ್ಯ ಕಾರಣವು. ಲಿಥಿಯಮ್ಮಿಗೆ ಅಲ್ಲಿ ಆಶ್ರಯ ಕೊಡುವ ಗ್ರಾಫೈಟಿನ ಪದರಗಳೊಳಗೆ ಸೋಡಿಯಂ ಸೇರಲೊಲ್ಲದು. ಅದರ ಕಣವು ದೊಡ್ಡದೆಂಬುದೊಂದೇ ಕಾರಣವೆನ್ನುವಂತಿಲ್ಲ. ಇನ್ನೂ ದೊಡ್ಡದಾದ ಪೊಟಾಸಿಯಂ ಒಳಹೊಗುವುದು! ನಮಗಂತೂ ಇದು ಸೋಜಿಗವಾಗಿ ತೋರಿತು.

2000ದಲ್ಲಿ ಕೆನಡಾ ದೇಶದ ಡಲ್‌ಹೌಸಿ ವಿಶ್ವವಿದ್ಯಾನಿಲಯದ ಸ್ಟೀವನ್ಸ್ ಮತ್ತು ಡಾನ್ ಎಂಬ ವಿಜ್ಞಾನಿಗಳು ಗ್ಲೂಕೋಸ್ ಸಕ್ಕರೆಯನ್ನು ಗಾಳಿ ತಗಲದಂತೆ, ಸುಮಾರು 1000 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಸುಟ್ಟು ಇದ್ದಲು ಮಾಡಿದರು. ಗ್ರಾಫೈಟಿನ ಪದರಗಳು ಪುಸ್ತಕದ ಹಾಳೆಗಳಂತೆ ಒಪ್ಪವಾಗಿರುವುವು. ಈ ಇದ್ದಲಿನವು ಚೆಲ್ಲಿದ ಇಸ್ಪೀಟೆಲೆಗಳಂತೆ ಅಸ್ತವ್ಯಸ್ತ. ಆ ಸಂದುಗಳಲ್ಲಿ ಸೋಡಿಯಂ ನೆಲೆನಿಂತಿತು! ಗ್ರಾಮೊಂದಕ್ಕೆ ಸುಮಾರು 300 ಮಿಲಿಆಂಪಿಯರ್-ಗಂಟೆಗಳ ಧಾರಣೆ ದೊರೆಯಿತು; ಗ್ರಾಫೈಟಿನಲ್ಲಿ ಲಿಥಿಯಮ್ಮಿನ ಮಿತಿಯೇ 372.

ದೋಷವಿಲ್ಲದೆ ಇಲ್ಲ. ಮೊದಲ ಸಲ ತುಂಬುವಾಗಲೇ ಸೋಡಿಯಮ್ಮಿನ ಒಂದಂಶವು ಇದ್ದಲಿನ ಮೇಲೆ ಪೊರೆಯಲ್ಲಿ ಸಿಕ್ಕಿಕೊಂಡು ಮರಳಿ ಬಾರದು. ಈ ನಷ್ಟವನ್ನು ತಗ್ಗಿಸುವ ಯತ್ನವು ಇನ್ನೂ ನಡೆದಿದೆ. ನಾವು ಒಲೆಗೆ ಹಾಕುವ ತೆಂಗಿನ ಚಿಪ್ಪಿನಿಂದಲೂ ಇಂತಹ ಇದ್ದಲನ್ನು ಈಗ ತಯಾರಿಸುತ್ತಿರುವರು.