ಕಪ್ಪು ಹೇಳುವ ಸಾಕ್ಷಿ

ಟಿ.ವಿ. ಅಂಗಡಿಯೊಳಗೆ ಕತ್ತಲೆಗೆ ಪ್ರವೇಶವಿಲ್ಲ. ಗೋಡೆಯ ತುಂಬ ಸಾಲುಗೊಂಡ ಪರದೆಗಳಲ್ಲಿ ಪಂಚವರ್ಣದ ಗಿಣಿಗಳೂ ಹವಳದ ದಿಬ್ಬಗಳೂ ಹೊಳೆಯುತ್ತಿರುತ್ತವೆ. ಬೋನಸ್ಸಿನ ಹಣವನ್ನು ಜೇಬಿನಲ್ಲಿಟ್ಟುಕೊಂಡು ಸಂಸಾರಸಮೇತನಾಗಿ ಬಂದ ಗೃಹಸ್ಥನು ಅವುಗಳಲ್ಲಿ ಅತ್ಯಂತ ಪ್ರಖರವಾದುದನ್ನೇ ಉತ್ತಮವೆಂದು ಬಗೆಯುವುದು ಸಹಜ. ಮಾರುವವನ ಬಯಕೆಯೂ ಅದೇ. ಬೆಳಕನ್ನೂ ಬಣ್ಣವನ್ನೂ ಮಿತಿಮೀರಿ ಏರಿಸುವ ‘ವಿವಿಡ್’ ಎಂಬ ಏರ್ಪಾಡು ಅಂಗಡಿಗೆಂದೇ ಹುಟ್ಟಿದಂತಿದೆ. ಮನೆಯ ನಡುಮನೆಯಲ್ಲಿ ಅದೇ ಚಿತ್ರವು ಕಣ್ಣಿಗೆ ಚುಚ್ಚುತ್ತದೆ.

ಎಲ್‌ಇಡಿ ಟಿ.ವಿ. ಎಂಬ ಹೆಸರಿನಲ್ಲಿಯೂ ತುಸು ಅತಿಶಯೋಕ್ತಿಯಿದೆ. ಅಗ್ಗದ ಟಿ.ವಿ.ಯಲ್ಲಿ ಚಿತ್ರವನ್ನು ಬರೆಯುವುದು ಎಲ್‌ಇಡಿಯಲ್ಲ. ಅದು ಹಿಂದೆ ಉರಿಯುವ ದೀಪ ಮಾತ್ರ. ಮುಂದಿನ ದ್ರವಸ್ಫಟಿಕದ ಪದರದಲ್ಲಿರುವ ಲಕ್ಷಾಂತರ ಸಣ್ಣ ಕಿಟಕಿಗಳು ತೆರೆದು ಮುಚ್ಚಿ ಆ ಬೆಳಕನ್ನು ಅಳೆದು ಬಿಡುತ್ತವೆ. ಈ ಕಿಟಕಿಗಳು ಎಷ್ಟು ಮುಚ್ಚಿದರೂ ಬೆಳಕು ಸ್ವಲ್ಪ ಸೋರಿಯೇ ಸೋರುತ್ತದೆ. ಇರುಳಿನ ದೃಶ್ಯದಲ್ಲಿ ಆಕಾಶವು ಕಪ್ಪಾಗದೆ ಬೂದಿಯಾಗುವುದು ಇದರಿಂದಲೇ. ಯಂತ್ರದ ಯೋಗ್ಯತೆಯನ್ನು ಗಿಣಿಯಲ್ಲಿ ಹುಡುಕದೆ ಈ ಕಪ್ಪಿನಲ್ಲಿ ಹುಡುಕಬೇಕು.

ಇದಕ್ಕೊಂದು ಸುಲಭೋಪಾಯವುಂಟು. ಕೊಳ್ಳುವವರು ಪೆನ್ ಡ್ರೈವಿನಲ್ಲಿ ಹಳೆಯ ಕಪ್ಪು-ಬಿಳುಪು ಚಿತ್ರವೊಂದನ್ನು ಕೊಂಡೊಯ್ಯಲಿ. ೧೯೫೪ರ ‘ಬೇಡರ ಕಣ್ಣಪ್ಪ’ವಾದರೂ ಆದೀತು. ‘ವಿವಿಡ್’ ತೆಗೆಸಿ ‘ಸಿನಿಮಾ’ ಅಥವಾ ‘ಮೂವಿ’ಯನ್ನು ಇಡಿಸಲಿ. ಮೊದಲ ನೋಟಕ್ಕೆ ಚಿತ್ರವು ಹಳದಿಯಾಗಿ ಸಪ್ಪೆಯೆನಿಸುತ್ತದೆ. ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬಿಡಬೇಕು. ಅನಂತರ ನೆರಳುಗಳನ್ನು ನೋಡಬೇಕು. ಬಣ್ಣವೇ ಇಲ್ಲದ ಚಿತ್ರದಲ್ಲಿ ಎಲ್ಲಿಯಾದರೂ ನೀಲಿ, ಹಸಿರು ಇಣುಕಿದರೆ ಅದು ಯಂತ್ರದ ಕೈವಾಡ. ಕರಿಯ ಕೂದಲೂ ಅದರ ಹಿಂದಿನ ಕತ್ತಲೆಯೂ ಒಂದೇ ಮುದ್ದೆಯಾದರೆ, ಮೂಲೆಗಳಲ್ಲಿ ಬಿಳಿಯ ಮಬ್ಬು ಕವಿದರೆ, ಮುಂದಿನದನ್ನು ನೋಡುವುದು ಮೇಲು.

ಪೆಟ್ಟಿಗೆಯ ಮೇಲಿನ ಬಿರುದಾವಳಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ೩೨ ಅಂಗುಲದ ಪರದೆಯನ್ನು ಎಂಟು ಅಡಿ ದೂರದಿಂದ ನೋಡುವವರಿಗೆ ೧೩೬೬ × ೭೬೮ ಚುಕ್ಕೆಗಳೇ ಸಾಕು. ಎಚ್‌ಡಿಆರ್ ಎಂಬ ಮುದ್ರೆಯು ಅಗ್ಗದ ಯಂತ್ರಗಳಲ್ಲಿ ಬಹುಮಟ್ಟಿಗೆ, ಆ ಸಂಕೇತವನ್ನು ಅದು ಓದಬಲ್ಲುದು ಎಂಬುದಕ್ಕಷ್ಟೇ ಸಾಕ್ಷಿ. ಆ ಬೆಳಕನ್ನು ತೋರುವ ಶಕ್ತಿ ಅದರ ದೀಪಕ್ಕಿರುವುದಿಲ್ಲ. ‘ಸ್ಮಾರ್ಟ್’ ಗುಣವಂತೂ ಮುಂದೆ ಮಂದವಾದರೆ ಬೆರಳುದ್ದದ ಕಡ್ಡಿಯೊಂದನ್ನು ಸಿಕ್ಕಿಸಿ ಹೊಸದು ಮಾಡಿಕೊಳ್ಳಬಹುದು. ಪರದೆಗೆ ಅಂತಹ ಮದ್ದಿಲ್ಲ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಪರದೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ವಿಎ ಎಂಬುದರಲ್ಲಿ ಕಪ್ಪು ಗಾಢ. ಆದರೆ ಓರೆಯಿಂದ ನೋಡಿದರೆ ಬಣ್ಣಗಳು ಬಿಳಿಚಿಕೊಳ್ಳುತ್ತವೆ. ಐಪಿಎಸ್‌ನಲ್ಲಿ ಕಪ್ಪು ತೆಳು. ಆದರೆ ಓರೆಯಲ್ಲಿಯೂ ಬಣ್ಣ ಕೆಡದು. ಸೋಫಾದ ನಡುವೆ ಕುಳಿತು ನೋಡುವ ಯಜಮಾನನಿಗೆ ಮೊದಲನೆಯದೇ ಸೊಗಸು. ಗೋಡೆಗೊರಗಿ ಬದಿಯಿಂದ ಧಾರಾವಾಹಿ ನೋಡುವ ಅಜ್ಜಿಗೂ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವ ಗೃಹಿಣಿಗೂ ಎರಡನೆಯದು. ಅಂಗಡಿಯಲ್ಲಿ ಪರದೆಯ ಎದುರು ನಿಲ್ಲುವವನು ಸಾಮಾನ್ಯವಾಗಿ ಯಜಮಾನನೇ. ಅವನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಅಜ್ಜಿಯ ಮೂಲೆ ಎಷ್ಟು ಓರೆಯೆಂಬುದನ್ನು ನೆನೆದು, ಅಲ್ಲಿಂದೊಮ್ಮೆ ನೋಡಲಿ.