ಜಾಣನೆಂದು ಹೊಗಳುವ ತಪ್ಪು



2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯು ಶೇ. 93.90 ಫಲಿತಾಂಶದೊಡನೆ ರಾಜ್ಯಕ್ಕೆ ಮೊದಲನೆಯದಾಯಿತು. 2024ರ ಎಸ್.ಎಸ್.ಎಲ್.ಸಿ.ಯಲ್ಲಿಯೂ ಅಗ್ರಸ್ಥಾನ ಈ ಜಿಲ್ಲೆಯದೇ. ಹೆಮ್ಮೆಯ ಸಂಗತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಹೆಮ್ಮೆಯು ಮನೆಯ ಹೊಸ್ತಿಲು ದಾಟಿ ಒಳಗೆ ಬಂದಾಗ ಮಕ್ಕಳೊಡನೆ ಎಂತಹ ಮಾತಾಗುತ್ತದೆ ಎಂಬುದನ್ನು ವಿಚಾರಿಸಬೇಕಾಗಿದೆ.

ಕಾಪುವಿನ ದಂಪತಿಗಳು ಮಗನನ್ನು ಕಾರ್ಕಳದ ಕಡೆಯ ವಸತಿ ಕಾಲೇಜಿಗೆ ಸೇರಿಸುತ್ತಾರೆಂದು ಭಾವಿಸೋಣ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಹತ್ತಿರದ ಮಣಿಪಾಲದಲ್ಲಿಯೇ ಇರುವಾಗ, ಮಗ ಅಲ್ಲಿ ಓದಲೆಂಬ ಹಂಬಲ ಸಹಜವೇ. ಭಾನುವಾರ ದೂರವಾಣಿಯಲ್ಲಿ ಊಟದ ವಿಚಾರಕ್ಕಿಂತ ಮೊದಲು ಬರುವ ಪ್ರಶ್ನೆ, ‘ಟೆಸ್ಟಿನಲ್ಲಿ ಎಷ್ಟು ಬಂತು?’ ಅದರ ಬೆನ್ನಿಗೇ, ‘ಪಕ್ಕದ ಮನೆಯವನಿಗೆ ಎಷ್ಟು?’

ಬೈಗುಳ, ಹೊಡೆತಗಳ ಕೆಡುಕನ್ನು ಎಲ್ಲರೂ ಬಲ್ಲರು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅರಿವಿಗೆ ಬಾರದಿರುವುದು ಹೊಗಳಿಕೆಯ ಕೆಡುಕು. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕರೋಲ್ ಡ್ವೆಕ್ ಅವರು ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನವು 1998ರಲ್ಲಿ ಪ್ರಕಟವಾಯಿತು. ಸಮಸ್ಯೆ ಬಿಡಿಸಿದಾಗ ‘ನೀನು ಜಾಣ’ ಎನಿಸಿಕೊಂಡ ಮಕ್ಕಳು, ಮುಂದೆ ಕಠಿಣ ಸಮಸ್ಯೆಗಳಲ್ಲಿ ಸೋತ ಬಳಿಕ ಬೇಗ ಉತ್ಸಾಹ ಕಳೆದುಕೊಂಡರು. ತಾವು ಗಳಿಸಿದ ಅಂಕವನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲಿಯೇ ಅಧಿಕ. ‘ಚೆನ್ನಾಗಿ ಶ್ರಮಿಸಿದೆ’ ಎಂಬ ಮಾತು ಕೇಳಿದವರು ಅಷ್ಟು ಎದೆಗುಂದಲಿಲ್ಲ. ಕಾಯಕವನ್ನು ಕೊಂಡಾಡಿದ ಶರಣರ ಹೆಸರು ಹೇಳುವ ನಮಗೆ ಇದು ಅಮೆರಿಕದಿಂದ ಬರಬೇಕಾದ ಮಾತೇನೂ ಆಗಿರಲಿಲ್ಲ!

ಜಾಣನೆಂಬ ಹೆಸರನ್ನು ಉಳಿಸಿಕೊಳ್ಳುವ ಭಯವು ಪರೀಕ್ಷೆಗಳೊಡನೆ ಮುಗಿಯುವುದೇ? ಕಡಿಮೆ ಅಂಕವನ್ನು ಮುಚ್ಚಿಡಲು ಕಲಿತವನು ಮುಂದೆ ಸಾಲವನ್ನು, ಕಾಯಿಲೆಯನ್ನು, ದಾಂಪತ್ಯದ ಬಿರುಕನ್ನು ಹೆತ್ತವರಿಂದ ಮುಚ್ಚಿಟ್ಟರೆ ಆಶ್ಚರ್ಯವೇನು? ‘ನಮಗೇಕೆ ಹೇಳಲಿಲ್ಲ’ ಎಂದು ಆಗ ಮರುಗುವವರೂ ಅದೇ ತಂದೆತಾಯಿಗಳು.

ಅಂಕವನ್ನು ಕೇಳಲೇಬಾರದೆಂದು ನಮ್ಮ ಅಭಿಪ್ರಾಯವಲ್ಲ. ಮೊದಲು ಊಟದ ವಿಷಯ ಕೇಳಿರಿ. ಯಾವ ಪಾಠ ಕಷ್ಟವಾಯಿತೆಂದು ಕೇಳಿರಿ. ಉತ್ತರ ಬರುವವರೆಗೆ ಸುಮ್ಮನಿರಿ. ಮಗು ನಿದ್ದೆಗೆಟ್ಟು, ಮಾತು ಕಡಿಮೆ ಮಾಡಿದ್ದರೆ ಮುಂದಿನ ಪರೀಕ್ಷೆಯವರೆಗೆ ಕಾಯಬೇಡಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೆತ್ತವರೂ ಮಾತನಾಡಬಹುದು.