ತೆರೆಯಬಾರದ ಮುಚ್ಚಳ

ಬೇಸಿಗೆಯ ಮಧ್ಯಾಹ್ನ. ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳ ಸಾಲು ಆಮೆಯಂತೆ ತೆವಳುತ್ತಿದೆ. ಒಂದು ಕಾರಿನ ಉಷ್ಣಮಾಪಕದ ಮುಳ್ಳು ಕೆಂಪು ಗೆರೆ ಮುಟ್ಟಿ, ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತದೆ. ಆಗ ನೀರು ಹಾಕಲೆಂದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವವರುಂಟು. ಇದು ದೊಡ್ಡ ಅಪಾಯ. ಏಕೆ?

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ರೇಡಿಯೇಟರು ಹಾಗಲ್ಲ, ಅದು ಅಡುಗೆಮನೆಯ ಕುಕ್ಕರಿನಂತೆ. ಬಿಗಿ ಮುಚ್ಚಳದಿಂದ ಒಳಗಿನ ಒತ್ತಡ ಹೆಚ್ಚಿ, ದ್ರವವು 110 ಡಿಗ್ರಿ ತಲಪಿದರೂ ಕುದಿಯದೆ ಇರಬಲ್ಲದು. ಮುಚ್ಚಳ ತೆರೆದೊಡನೆ ಒತ್ತಡ ಕುಸಿದು, ದ್ರವ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಆದ್ದರಿಂದ ಎ.ಸಿ. ನಿಲ್ಲಿಸಿ, ಕಾರನ್ನು ರಸ್ತೆಯಂಚಿಗೆ ತಂದು, ಎಂಜಿನ್ ಆರಿಸಿ, ಕನಿಷ್ಠ ಅರ್ಧ ಗಂಟೆ ಕಾಯಬೇಕು.

ನಂತರ ಕಾರಣ ಹುಡುಕಿ. ನಿಂತಾಗ ಏರುವ ಮುಳ್ಳು ಯಲಹಂಕದ ಕಡೆ ಓಡತೊಡಗಿದಾಗ ಇಳಿದರೆ, ಫ್ಯಾನು ಕೆಟ್ಟಿರುವ ಸಂಭವ ಹೆಚ್ಚು. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ಓಡುವಾಗಲೂ ಏರಿದರೆ ಕೂಲೆಂಟ್ ಕಡಿಮೆಯಾಗಿರಬಹುದು. ಥರ್ಮೋಸ್ಟಾಟ್ ಅಥವಾ ನೀರಿನ ಪಂಪು ಕೆಟ್ಟಿರಬಹುದು.

ಬೋರ್‌ವೆಲ್ಲಿನ ಗಡಸು ನೀರನ್ನು ತುಂಬುವ ಅಭ್ಯಾಸ ಬೇಡ. ಗೀಸರಿನೊಳಗೆ ಕಟ್ಟುವ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ತಯಾರಕರು ಹೇಳಿದ ಕೂಲೆಂಟನ್ನೇ ಬಳಸಿ.

ವಾರಕ್ಕೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಡಬ್ಬಿಯ ಎರಡು ಗೆರೆಗಳ ನಡುವೆ ದ್ರವವಿದೆಯೇ ಎಂದು ಹೊರಗಿನಿಂದಲೇ ನೋಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು. ಕೂಲೆಂಟ್ ವಿಷ, ತುಂಬುವ ಕೆಲಸ ಹಿರಿಯರದೇ ಆಗಿರಲಿ.